ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಮೂವತ್ತೆಂಟು ರೂಪಾಯಿಯ ಬ್ಯಾಂಕು

ಈಗ ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಫಲಕ ಉಂಟು. ಗಿರಾಕಿ ಮೊಬೈಲ್ ಹಿಡಿದರೆ ಸಾಕು, ಹಣ ಬಂತು ಅಂತ ಪೆಟ್ಟಿಗೆ ಕೂಗಿ ಹೇಳ್ತದೆ. ಆ ಹಣ ಹೋಗಿ ಸೇರುವುದು ಬ್ಯಾಂಕಿನ ಖಾತೆಗೆ. ಸಾಮಾನ್ಯ ಜನರಿಗೂ ಬ್ಯಾಂಕಿನ ಬಾಗಿಲು ತೆರೆಯಬೇಕು ಎಂದು ನಮ್ಮ ಕರಾವಳಿಯಲ್ಲಿ ಮೊದಲೇ ಯೋಚಿಸಿದವರಲ್ಲಿ ಒಬ್ಬ ಮುಸ್ಲಿಂ ಹಿರಿಯರಿದ್ದರು. ಅವರೇ ಉಡುಪಿಯ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

ಆಗ ಉಡುಪಿ ಮಂಗಳೂರಿನ ನಂತರದ ದೊಡ್ಡ ವ್ಯಾಪಾರದ ಊರು. ಆದರೆ ಅಲ್ಲಿ ಬ್ಯಾಂಕು ಇರಲಿಲ್ಲ. ಕೈ ಸಾಲ ಬೇಕಾದವರು ಲೇವಾದೇವಿಯವರ ಮನೆಗೇ ಹೋಗಬೇಕು, ಅವರು ಹೇಳಿದ ಬಡ್ಡಿಗೆ ತಲೆಯಾಡಿಸಬೇಕು. ಸ್ವದೇಶಿ ಚಳವಳಿಯ ಕಾಲವದು. ಹಾಜಿ ಸಾಹೇಬರು ಊರಿನ ಕೆಲವು ಸಹೃದಯರನ್ನು ಜೊತೆ ಸೇರಿಸಿಕೊಂಡು 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಎಂಬ ಸಂಸ್ಥೆ ಆರಂಭಿಸಿದರು. ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ, 13 ಆಣೆ, 2 ಪೈ. ನೋಡಿ ನಗುವಷ್ಟು ಸಣ್ಣ ಮೊತ್ತ. ಸ್ಥಾಪಕ ಅಧ್ಯಕ್ಷರಾದ ಸಾಹೇಬರು ಹಿಂಜರಿಯಲಿಲ್ಲ. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದೇ ಅವರ ಉದ್ದೇಶವಾಗಿತ್ತು.

1923ರಲ್ಲಿ ಕುಂದಾಪುರ, 1926ರಲ್ಲಿ ಮಂಗಳೂರಿನ ರಥಬೀದಿ, 1934ರಲ್ಲಿ ಮಡಿಕೇರಿ, ಹೀಗೆ ಶಾಖೆಗಳು ಹಬ್ಬಿದವು. 1972ರಲ್ಲಿ ಅದರ ಹೆಸರು ಕಾರ್ಪೊರೇಷನ್ ಬ್ಯಾಂಕ್ ಎಂದಾಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಮರೆಯಾಯಿತು. ಸಾಹೇಬರ ಹೆಸರು ಮಾತ್ರ ಉಡುಪಿಯಲ್ಲಿ ಉಳಿದಿದೆ. ಅವರು ದಾನ ಕೊಟ್ಟ ಜಾಗದಲ್ಲಿ ಎದ್ದ ಹೆಂಗಸರು ಮಕ್ಕಳ ಆಸ್ಪತ್ರೆಗೆ ಅವರದೇ ಹೆಸರು. ಅವರ ಹಳೆಯ ಮನೆಯಲ್ಲಿ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಉಂಟು. ಮಕ್ಕಳನ್ನು ಒಮ್ಮೆ ಕರಕೊಂಡು ಹೋಗಿ ತೋರಿಸಬೇಕು.

ಅಂದು ಆಣೆ ಪೈಗಳನ್ನು ಕೈಯಲ್ಲಿ ಎಣಿಸುತ್ತಿದ್ದರು. ಇಂದು ಗಿರಾಕಿ ಪಿನ್ ಒತ್ತಿದೊಡನೆ ಅವನ ಬ್ಯಾಂಕು ಹಣ ಕಳೆಯುತ್ತದೆ, ಅಂಗಡಿಯವನ ಬ್ಯಾಂಕು ಜಮೆ ಮಾಡುತ್ತದೆ, ನಡುವೆ ರಾಷ್ಟ್ರೀಯ ಪಾವತಿ ನಿಗಮದ ಜಾಲ ಸುದ್ದಿ ಮುಟ್ಟಿಸುತ್ತದೆ. 2016ರಲ್ಲಿ ಬಂದ ಈ ಯುಪಿಐ ವ್ಯವಸ್ಥೆಯ ಬುಡದಲ್ಲಿ ಇರುವುದು ಅದೇ ಹಳೆಯ ಅಮಾನತ್. ಅಂದರೆ ನಮ್ಮ ಹಣ ಇನ್ನೊಬ್ಬರ ಕೈಯಲ್ಲಿದ್ದರೂ ಕೇಳಿದಾಗ ಸಿಗ್ತದೆ ಎಂಬ ನಂಬಿಕೆ.

ಆ ನಂಬಿಕೆಯನ್ನೇ ಕದಿಯಲು ಮೋಸಗಾರರೂ ಇದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು. ಗಿರಾಕಿ ತೋರಿಸುವ ಪರದೆ ನೋಡಿ ಸಾಮಾನು ಕೊಡಬಾರದು, ನಮ್ಮ ಖಾತೆಗೆ ಬಂತೇ ಎಂದು ನೋಡಬೇಕು. ಬಡ್ಡಿಯ ಭಯದಿಂದ ನಮ್ಮಲ್ಲಿ ಹಲವರು ಬ್ಯಾಂಕಿನಿಂದ ದೂರ ಇದ್ದಾರೆ. ಮಸಲೆಯ ಮಾತನ್ನು ಉಸ್ತಾದರಲ್ಲಿ ಕೇಳಿ ತಿಳಿಯೋಣ. ವ್ಯಾಪಾರಿಗಳ ಚಾಲ್ತಿ ಖಾತೆಯ ಹಣಕ್ಕೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ ಎಂಬುದಾದರೂ ಗೊತ್ತಿರಲಿ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಕಲಿಸಿದೆ. ಗೂಡಂಗಡಿಯ ಹತ್ತು ರೂಪಾಯಿಯ ವ್ಯಾಪಾರವೂ ಇಂದು ಖಾತೆಯಲ್ಲಿ ತಾನಾಗಿ ದಾಖಲಾಗುತ್ತದೆ. ನಾಳೆ ಯಾರಾದರೂ ಆದಾಯ ಎಷ್ಟು ಎಂದು ಕೇಳಿದರೆ ಅಂಗಡಿಯವನ ಪರ ಮಾತಾಡುವುದು ಅದೇ ಲೆಕ್ಕ. 38 ರೂಪಾಯಿ 13 ಆಣೆ 2 ಪೈ ಎಂದು ಕೊನೆಯ ಪೈಯನ್ನೂ ಬಿಡದೆ ಬರೆದಿಟ್ಟ ಹಿರಿಯರಿಂದ ನಾವು ಕಲಿಯಬೇಕಾದ್ದು ಇದನ್ನೇ. ಅಲ್ಲಾಹು ಅವರ ಸತ್ಕರ್ಮಗಳನ್ನು ಸ್ವೀಕರಿಸಲಿ, ಆಮೀನ್.