ಲಕ್ಷ್ಮಣರಾವ್ ಕಿರ್ಲೋಸ್ಕರ್

ಹರಿಹರವೆಂದೊಡನೆ ತುಂಗಭದ್ರೆಯ ದಡವೂ ಹರಿಹರೇಶ್ವರನ ದೇಗುಲವೂ ಕಣ್ಣ ಮುಂದೆ ನಿಲ್ಲುತ್ತವೆ. ದಾವಣಗೆರೆಗೆ ಸಮೀಪದ ಈ ಪುರಾತನ ಕ್ಷೇತ್ರದ ಮಗ್ಗುಲಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಯಂತ್ರೋಪಕರಣಗಳ ಕಾರ್ಖಾನೆ ತಲೆಯೆತ್ತಿತು. ಅಲ್ಲಿ ಬೆಳೆದ ವಸತಿಗೆ ಯಂತ್ರಪುರವೆಂದೇ ಹೆಸರಾಯಿತು. ಆ ಕಾರ್ಖಾನೆಯನ್ನು ಕಟ್ಟಿದ ಮನೆತನದ ಉದ್ಯಮಕ್ಕೆ ಅಡಿಪಾಯ ಹಾಕಿದವರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಶಾಲೆಯ ಪಾಠಗಳಿಗಿಂತ ಚಿತ್ರಕಲೆಯಲ್ಲಿಯೂ ಯಂತ್ರಗಳಲ್ಲಿಯೂ ಅವರಿಗೆ ಒಲವು. ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಬಣ್ಣಗಳ ವ್ಯತ್ಯಾಸವನ್ನು ಸರಿಯಾಗಿ ಗುರುತಿಸಲಾರದ ದೋಷ ತಮ್ಮ ಕಣ್ಣಿಗಿದೆಯೆಂದು ಅಲ್ಲಿ ತಿಳಿಯಿತು. ಚಿತ್ರಕಾರನಾಗುವ ಕನಸು ಅಲ್ಲಿಗೇ ಮುಗಿಯಿತು. ಯಂತ್ರಗಳ ರೇಖಾಚಿತ್ರಕ್ಕೆ ಮಾತ್ರ ಬಣ್ಣ ಬೇಕಿರಲಿಲ್ಲ. ನೇರವಾದ ಗೆರೆ, ನಿಖರವಾದ ಅಳತೆ ಸಾಕಾಗಿದ್ದವು. ಆ ವಿದ್ಯೆಯನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು.

ಅಲ್ಲಿ ಅಣ್ಣ ರಾಮಣ್ಣನವರೊಡನೆ ಸೈಕಲ್ ವ್ಯಾಪಾರ ಸಾಗಿತ್ತು. ಆದರೆ ಲಕ್ಷ್ಮಣರಾಯರ ಮನಸ್ಸು ಮಾರಾಟದಲ್ಲಿ ನಿಲ್ಲಲಿಲ್ಲ, ತಯಾರಿಕೆಯತ್ತ ಹರಿಯಿತು. ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಸಿದ್ಧವಾದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ನೇಗಿಲುಗಳು ಅಂಗಡಿಯಲ್ಲೇ ಬಿದ್ದಿದ್ದವು. ಕೊಳ್ಳುವವರು ಬರಲು ಸುಮಾರು ಎರಡು ವರ್ಷ ಹಿಡಿಯಿತು. ತಲೆಮಾರುಗಳಿಂದ ಮರದ ನೇಗಿಲನ್ನು ನಂಬಿ ಬಾಳಿದ ರೈತನ ಅಂಜಿಕೆಯನ್ನು ಮೂಢತನವೆಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ಒಂದು ವರ್ಷದ ಬೆಳೆ ಹೋದರೆ ಅವನ ಮನೆಯೇ ಹೋದಂತೆ.

ವ್ಯಾಪಾರ ಕುದುರುವಷ್ಟರಲ್ಲಿ ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ನೆಲವನ್ನೂ ಸಾಲವನ್ನೂ ಕೊಟ್ಟರು. ಆ ನೆಲವೋ ಪಾಪಾಸುಕಳ್ಳಿಯೂ ಹಾವುಗಳೂ ತುಂಬಿದ್ದ ಬರಡು. 1910ರಲ್ಲಿ ಕೆಲವೇ ಕೆಲಸಗಾರರ ಕುಟುಂಬಗಳೊಡನೆ ಅಲ್ಲಿ ನೆಲೆಯೂರಿದರು. ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನು ಕಾವಲಿಗೆ ನೇಮಿಸುವ ಧೈರ್ಯವನ್ನೂ ಲಕ್ಷ್ಮಣರಾಯರು ತೋರಿದರು.

ನೇಗಿಲಿನ ಬಳಿಕ ಪಂಪುಗಳೂ ಎಂಜಿನುಗಳೂ ಬಂದವು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದ ಮಾತ್ರಕ್ಕೆ ಎಂಜಿನು ಸಿದ್ಧವಾಗದು. ಮೋಟಾರ್ ಸೈಕಲ್ಲನ್ನೇ ನೋಡಬಹುದು. ಅದರ ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನೊಳಗೆ, ಸಾಮಾನ್ಯವಾಗಿ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರಲು ಒಂದು ದಾರಿ, ಉರಿದ ಅನಿಲ ಹೊರಹೋಗಲು ಇನ್ನೊಂದು ದಾರಿ ಇರುತ್ತವೆ. ಎರಕದಲ್ಲಿ ಉಳಿದ ಉಬ್ಬುತಗ್ಗುಗಳು ಆ ಹರಿವನ್ನು ತಡೆದರೆ ಸಿಲಿಂಡರು ತುಂಬುವುದಿಲ್ಲ. ಎಂಜಿನಿನ ಬಲ ಕುಗ್ಗುತ್ತದೆ. ನುರಿತ ಕೆಲಸಗಾರನು ಆ ದಾರಿಗಳನ್ನು ಉಜ್ಜಿ, ತಿರುವುಗಳನ್ನು ತಿದ್ದುತ್ತಾನೆ. ಹಾಗೆಂದು ಅಗಲಿಸಿದಷ್ಟೂ ಲಾಭವಲ್ಲ. ಮಿತಿಮೀರಿ ಕೊರೆದರೆ ಗಾಳಿಯ ವೇಗವೇ ಕುಂದುತ್ತದೆ. ನೀರೆತ್ತುವ ಪಂಪಿನ ಒಳದಾರಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಕೈಯ ಹದಕ್ಕೆ ನಿಖರವಾದ ಯಂತ್ರದ ಆಸರೆಯೂ ಬೇಕು. ಲೋಹವನ್ನು ತಿರುಗಿಸಿ ಕೂದಲೆಳೆಯ ಅಳತೆಗೆ ತುರಿಯುವ ಲೇಥ್ ಅಂತಹ ಯಂತ್ರ.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ವಿದೇಶದ ಲೇಥುಗಳು ಬರುವುದು ದುಸ್ತರವಾಯಿತು. ನೆರೆಯ ದಾವಣಗೆರೆ ಹತ್ತಿಗಿರಣಿಗಳ ಊರಾಗಿ ಬೆಳೆಯತೊಡಗಿತ್ತು. ಹರಿಹರಕ್ಕೆ ರೈಲಿತ್ತು, ನದಿಯಿತ್ತು. ಮೈಸೂರು ಸಂಸ್ಥಾನವೂ ಕೈಗಾರಿಕೆಗಳಿಗೆ ಒತ್ತಾಸೆಯಾಗಿತ್ತು. ಕಿರ್ಲೋಸ್ಕರ್ ಮನೆತನದ ಮುಂದಿನ ಪೀಳಿಗೆ ಅಲ್ಲಿ ಲೇಥುಗಳನ್ನು ತಯಾರಿಸಿತು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಆ ಕಾರ್ಖಾನೆ ಹಲವು ದಶಕಗಳ ಬಳಿಕ ಮುಚ್ಚಿತು.

1948ರ ಆರಂಭದಲ್ಲಿ, ಗಾಂಧೀಜಿಯವರ ಹತ್ಯೆಯ ನಂತರದ ಗಲಭೆಯಲ್ಲಿ, ಕಿರ್ಲೋಸ್ಕರವಾಡಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ಕಾರ್ಖಾನೆಯನ್ನು ಮರಳಿ ಕಟ್ಟಲಾಯಿತು. ಯಂತ್ರಗಳು ಮತ್ತೆ ತಿರುಗಿದುದನ್ನು ಅವರು ಕಣ್ಣಾರೆ ಕಂಡರು. 1956ರ ಸೆಪ್ಟೆಂಬರ್ 26ರಂದು ಅವರು ನಿಧನರಾದರು.