ಎಲ್ಲ ಸೊಳ್ಳೆಯೂ ಎಲ್ಲ ಜ್ವರ ತರುತ್ತದೆಯೇ? ರೊನಾಲ್ಡ್ ರಾಸ್ ಬದುಕಿನಲ್ಲಿದೆ ಉತ್ತರ

ಮಳೆಗಾಲ ಶುರುವಾದರೆ ಸಾಕು, ನಮ್ಮೆಲ್ಲರ ಫೋನಿಗೂ ಆ ಫಾರ್ವರ್ಡ್ ಬಂದೇ ಬರುತ್ತದೆ. ಡೆಂಗ್ಯೂ ಸೊಳ್ಳೆ ಮೊಣಕಾಲಿನಿಂದ ಮೇಲೆ ಹಾರುವುದಿಲ್ಲವಂತೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಕಂತೆ. ಅದರ ಬೆನ್ನಿಗೇ ಇನ್ನೊಂದು: ಊರಿನ ಚರಂಡಿ ಸ್ವಚ್ಛವಾದರೆ ಡೆಂಗ್ಯೂ ತಾನಾಗಿಯೇ ಓಡಿಹೋಗುತ್ತದಂತೆ. ಮೊದಲನೆಯದು ಸುಳ್ಳು. ಮಹಡಿ ಮೇಲಿನ ನೀರಿನ ಟ್ಯಾಂಕಿನಲ್ಲೂ ಈ ಸೊಳ್ಳೆ ಮೊಟ್ಟೆ ಇಡುತ್ತದೆ. ಎರಡನೆಯದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಸೊಳ್ಳೆ ಅಂದರೆ ಎಲ್ಲವೂ ಒಂದೇ ಎಂಬ ನಂಬಿಕೆಯಿಂದ ಹುಟ್ಟಿದ ಮಾತು ಅದು.

ಸೊಳ್ಳೆಗಳನ್ನು ಜಾತಿಯಾಗಿ ಬೇರೆ ಮಾಡದೆ ಎರಡು ವರ್ಷ ಕಳೆದುಕೊಂಡ ವೈದ್ಯರೊಬ್ಬರಿದ್ದರು. ಮುಂದೆ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅವರೇ ರೊನಾಲ್ಡ್ ರಾಸ್. ಅವರಿಗೆ ಸೊಳ್ಳೆಯ ಮೊದಲ ಪಾಠ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ.

ಬೆಂಗಳೂರಿನ ನೀರಿನ ಪೀಪಾಯಿ

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಎಂಟನೇ ವಯಸ್ಸಿಗೆ ಹುಡುಗನನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಅವನ ಆಸೆ ಇದ್ದದ್ದು ಕಾವ್ಯ, ಸಂಗೀತ, ಚಿತ್ರಕಲೆಯ ಮೇಲೆ. ಆದರೆ ತಂದೆಯ ಹಟಕ್ಕೆ ಮಣಿದು ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರನ್ನು ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ವೈದ್ಯರಾಗಿ ಹಾಕಿದರು. ಇರಲು ಒಂದು ಬಂಗಲೆ ಸಿಕ್ಕಿತು, ಜೊತೆಗೆ ವಿಪರೀತ ಸೊಳ್ಳೆ ಕಾಟ. ಕಾರಣ ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ಪೀಪಾಯಿ ಕಂಡಿತು. ಒಳಗೆ ಸೊಳ್ಳೆಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಪೀಪಾಯಿ ಬೋರಲು ಹಾಕಿದರು. ಕೋಣೆಯ ಸೊಳ್ಳೆ ಕಾಟ ನಿಂತಿತು. ಇಡೀ ಸೇನಾ ಮೆಸ್ಸಿನ ಪೀಪಾಯಿ, ಹೂಕುಂಡ, ಡಬ್ಬಗಳಿಗೂ ಹೀಗೇ ಮಾಡೋಣ ಎಂದು ಅಧಿಕಾರಿಯೊಬ್ಬರಿಗೆ ಹೇಳಿದರೆ, ಆತ ಪ್ರಕೃತಿಯ ನಿಯಮಕ್ಕೆ ಅಡ್ಡ ಬರಬಾರದು ಎಂದು ತಳ್ಳಿಹಾಕಿದರು.

ಆಗ ರಾಸ್‌ಗೆ ಸೊಳ್ಳೆ ಕೇವಲ ಕಿರಿಕಿರಿ. ಅದು ರೋಗ ತರುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ತಪ್ಪು ಸೊಳ್ಳೆಯ ಹಿಂದೆ ಎರಡು ವರ್ಷ

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ರಾಸ್‌ಗೆ ರೋಗಿಯ ರಕ್ತದಲ್ಲಿ ಮಲೇರಿಯಾದ ಸೂಕ್ಷ್ಮಜೀವಿಯನ್ನು ತೋರಿಸಿದರು. ಇದನ್ನು ಸೊಳ್ಳೆ ಸಾಗಿಸುತ್ತಿರಬಹುದು ಎಂಬ ಊಹೆಯನ್ನೂ ಮುಂದಿಟ್ಟರು. ಆದರೆ ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಮ್ಯಾನ್ಸನ್ ಅಂದುಕೊಂಡಿದ್ದರು.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಅಂಥ ನೀರನ್ನು ಜನರಿಗೆ ಕುಡಿಸಿಯೂ ನೋಡಿದರು. ಇಂದಿನ ನಿಯಮಗಳಲ್ಲಿ ಇಂಥ ಪ್ರಯೋಗಕ್ಕೆ ಅನುಮತಿಯೇ ಸಿಗದು. ಅದರಿಂದ ಊಹೆಯೂ ಸಾಬೀತಾಗಲಿಲ್ಲ. ಮಲೇರಿಯಾ ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದಡಿ ಸೀಳಿ ನೋಡಿದರು. ಏನೂ ಸಿಗಲಿಲ್ಲ. ನಡುವೆ ಕಾಲರಾ ತಡೆಯುವ ಕೆಲಸಕ್ಕೆಂದು ಮತ್ತೆ ಬೆಂಗಳೂರಿಗೆ ಕಳಿಸಿದರು. ಅಲ್ಲಿಯೂ ಸೊಳ್ಳೆ ಹುಡುಕಾಟ ಬಿಡಲಿಲ್ಲ.

ಸೊಳ್ಳೆಗಳ ವೈಜ್ಞಾನಿಕ ಹೆಸರು ರಾಸ್‌ಗೆ ತಿಳಿದಿರಲಿಲ್ಲ. ಕಣ್ಣಿಗೆ ಕಂಡಂತೆ ಮೂರು ಗುಂಪು ಮಾಡಿಕೊಂಡಿದ್ದರು: ಬೂದು ಸೊಳ್ಳೆ, ಮೈಮೇಲೆ ಪಟ್ಟೆ ಇರುವ ಸೊಳ್ಳೆ, ರೆಕ್ಕೆಯ ಮೇಲೆ ಚುಕ್ಕೆ ಇರುವ ಸೊಳ್ಳೆ. ಎರಡು ವರ್ಷ ಅವರು ಸೀಳಿದ್ದು ಬಹುಪಾಲು ಮೊದಲ ಎರಡು ಗುಂಪಿನವನ್ನು. ಮಲೇರಿಯಾ ಅವುಗಳಲ್ಲಿ ಇರಲೇ ಇಲ್ಲ.

1897ರ ಆಗಸ್ಟಿನಲ್ಲಿ ಮೂರನೇ ಗುಂಪಿನ ಕೆಲವು ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ, ಕಚ್ಚುವ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಕೊಟ್ಟು, ಅವುಗಳಿಂದ ಕಚ್ಚಿಸಿದರು. ಆಗಸ್ಟ್ 20ರಂದು ಒಂದನ್ನು ಸೀಳಿದಾಗ ಅದರ ಹೊಟ್ಟೆಯ ಗೋಡೆಯಲ್ಲಿ, ಮಲೇರಿಯಾದ ಕಪ್ಪು ಕಣಗಳನ್ನು ಹೊತ್ತ ದುಂಡು ಕೋಶಗಳು ಕಂಡವು. ಮಾರನೇ ದಿನ ಸೀಳಿದ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಅಂದರೆ ಸೊಳ್ಳೆಯೊಳಗೆ ಅವು ಬೆಳೆಯುತ್ತಿದ್ದವು. ಆಗಸ್ಟ್ 20 ಇಂದು ವಿಶ್ವ ಸೊಳ್ಳೆ ದಿನ.

ಹಕ್ಕಿಗಳು ಹೇಳಿದ ಉಳಿದ ಕಥೆ

1898ರಲ್ಲಿ ಕಲ್ಕತ್ತಾದಲ್ಲಿ ಮಲೇರಿಯಾ ರೋಗಿಗಳು ಸಾಕಷ್ಟು ಸಿಗಲಿಲ್ಲ. ರಾಸ್ ಹಕ್ಕಿಗಳ ಮಲೇರಿಯಾ ಹಿಡಿದುಕೊಂಡರು. ಇಲ್ಲಿ ವಿಚಿತ್ರವೊಂದು ನಡೆಯಿತು. ಮನುಷ್ಯರ ಮಲೇರಿಯಾ ಹುಡುಕುವಾಗ ನಿರಾಸೆ ಮಾಡಿದ್ದ ಬೂದು ಸೊಳ್ಳೆಯೇ ಹಕ್ಕಿಗಳ ಮಲೇರಿಯಾ ಹೊತ್ತಿತ್ತು. ಆ ಜುಲೈನಲ್ಲಿ ಸೂಕ್ಷ್ಮಜೀವಿ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪುವುದನ್ನು ಅವರು ಕಂಡರು. ರೋಗ ಹರಡುವುದು ಕುಡಿಯುವ ನೀರಿನಿಂದಲ್ಲ, ಕಡಿತದಿಂದ. ಮನುಷ್ಯರ ಮಲೇರಿಯಾ ಚುಕ್ಕೆ ರೆಕ್ಕೆಯ ಅನಾಫಿಲಿಸ್ ಸೊಳ್ಳೆಯಿಂದ ಬರುತ್ತದೆಂದು ಇಟಲಿಯ ಗ್ರಾಸಿ ಮತ್ತವರ ಸಂಗಡಿಗರು ತೋರಿಸಿಕೊಟ್ಟರು. ಕೀರ್ತಿ ಯಾರಿಗೆ ಎಂದು ರಾಸ್ ಮತ್ತು ಗ್ರಾಸಿ ನಡುವೆ ದೊಡ್ಡ ಜಗಳವೇ ನಡೆಯಿತು. 1902ರ ನೊಬೆಲ್ ರಾಸ್‌ಗೆ ಬಂತು.

ಅದೇ ಮೂರು ಸೊಳ್ಳೆ, ಇಂದಿನ ವೈರಸ್‌ಗಳು

ಮಲೇರಿಯಾ ವೈರಸ್ ಅಲ್ಲ, ಅದೊಂದು ಪರಾವಲಂಬಿ ಜೀವಿ. ಆದರೆ ರಾಸ್ ಕಂಡ ನಿಯಮ ವೈರಸ್‌ಗಳಿಗೂ ಅನ್ವಯಿಸುತ್ತದೆ. ಡೆಂಗ್ಯೂ ವೈರಸ್ ಸೊಳ್ಳೆಯ ಕರುಳಿನಲ್ಲಿ ಬೆಳೆದು ಜೊಲ್ಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು. ಸೊಳ್ಳೆ ಬರೀ ಸಿರಿಂಜ್ ಅಲ್ಲ. ಎಚ್‌ಐವಿ ಸೊಳ್ಳೆಯಿಂದ ಹರಡದಿರುವುದೂ ಇದಕ್ಕೇ: ಆ ವೈರಸ್ ಸೊಳ್ಳೆಯೊಳಗೆ ಬೆಳೆಯಲಾರದೆ ಜೀರ್ಣವಾಗಿಬಿಡುತ್ತದೆ.

ರಾಸ್ ಪಕ್ಕಕ್ಕಿಟ್ಟ ಪಟ್ಟೆ ಸೊಳ್ಳೆ ಇಂದಿನ ಈಡಿಸ್. ಡೆಂಗ್ಯೂವಿನ ನಾಲ್ಕೂ ಬಗೆ, ಚಿಕೂನ್‌ಗುನ್ಯಾ, ಝಿಕಾ ಎಲ್ಲಕ್ಕೂ ಇದೇ ವಾಹಕ. ಮನೆಯ ಸುತ್ತಲಿನ ತಿಳಿನೀರು ಇದಕ್ಕಿಷ್ಟ, ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಬೂದು ಸೊಳ್ಳೆ ಇಂದಿನ ಕ್ಯೂಲೆಕ್ಸ್. ಇದರ ಒಂದು ಬಗೆ ಚರಂಡಿಯಲ್ಲಿ, ಇನ್ನೊಂದು ಬಗೆ ಭತ್ತದ ಗದ್ದೆಯಲ್ಲಿ ಬೆಳೆಯುತ್ತದೆ. ಗದ್ದೆಯದು ಬೆಳ್ಳಕ್ಕಿ ಮತ್ತು ಹಂದಿಗಳಲ್ಲಿರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನು ಮನುಷ್ಯರಿಗೆ ದಾಟಿಸುತ್ತದೆ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯನ್ನು ಕಾಡಿದ ಮಿದುಳುಜ್ವರ ಇದೇ. ಅಂದರೆ ಒಂದೊಂದು ರೋಗಕ್ಕೆ ಒಂದೊಂದು ಸೊಳ್ಳೆ, ಒಂದೊಂದು ಸೊಳ್ಳೆಗೆ ಒಂದೊಂದು ಬಗೆಯ ನೀರು.

ಮಳೆ ಕಡಿಮೆ, ಆದರೂ ಡೆಂಗ್ಯೂ ಏಕೆ?

ಮದಕರಿಪುರವಿರಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿರಲಿ, ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ಸಿಮೆಂಟ್ ತೊಟ್ಟಿ, ಬಕೆಟ್ಟು ಎಲ್ಲವನ್ನೂ ತುಂಬಿಸಿಡದೆ ವಿಧಿಯಿಲ್ಲ. ಈಡಿಸ್‌ಗೆ ಬೇಕಾದದ್ದು ಅದೇ. 2006ರ ಚಿಕೂನ್‌ಗುನ್ಯಾ ಹಾವಳಿ ನೆನಪಿದೆಯಲ್ಲ? ಕೈಕಾಲು ಗಂಟುಗಳು ಹಿಡಿದು ಮನೆಮಂದಿಯೆಲ್ಲ ಮಲಗಿದ್ದ ವರ್ಷವದು. ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿ ತುಮಕೂರು, ಬಳ್ಳಾರಿ, ದಾವಣಗೆರೆಯ ಜೊತೆ ಚಿತ್ರದುರ್ಗವೂ ಇತ್ತು. ಹೆಸರು ಕೇಳಿ, ಇದು ಕೋಳಿ ತಿಂದರೆ ಬರುತ್ತದೆ ಎಂದವರೂ ಆಗ ಇದ್ದರು.

ಇಲ್ಲಿ ರಾಸ್ ಮಾಡಿದ ಹಾಗೆ ಡ್ರಮ್ಮು ಬೋರಲು ಹಾಕಿ ಎಂದು ನಾವು ಹೇಳಲಾರೆವು. ಕಷ್ಟಪಟ್ಟು ಹಿಡಿದಿಟ್ಟ ನೀರನ್ನು ಯಾರು ಚೆಲ್ಲುತ್ತಾರೆ? ಚೆಲ್ಲಬೇಕಾಗಿಯೂ ಇಲ್ಲ. ಬಿಗಿಯಾದ ಮುಚ್ಚಳ, ಇಲ್ಲವೇ ಸಂದಿಲ್ಲದಂತೆ ಕಟ್ಟಿದ ಬಟ್ಟೆ ಸಾಕು. ವಾರಕ್ಕೊಮ್ಮೆ ನೀರು ಖಾಲಿಯಾದಾಗ ಒಳಗೋಡೆಯನ್ನು ಚೆನ್ನಾಗಿ ಉಜ್ಜಿ. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದೊಡನೆ ಒಡೆಯುತ್ತದೆ. ಹಳೇ ಟೈರು, ತೆಂಗಿನ ಚಿಪ್ಪುಗಳನ್ನು ಮಾತ್ರ ರಾಸ್ ಹಾಗೆಯೇ ಬೋರಲು ಹಾಕಿ.

ನಮ್ಮೊಬ್ಬರ ಮನೆಯಿಂದ ಏನಾದೀತು ಎನ್ನುವವರಿಗೂ ರಾಸ್ ಬಳಿ ಉತ್ತರವಿದೆ. ಭಾರತ ಬಿಟ್ಟ ಮೇಲೆ ಅವರು ರೋಗ ಹರಡುವಿಕೆಯ ಗಣಿತ ಬರೆದರು. ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನೇ ಕ್ಷೀಣಿಸುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಬೀದಿಯ ಹತ್ತು ಮನೆಗಳಲ್ಲಿ ಎಂಟು ಮನೆಯವರು ಡ್ರಮ್ಮು ಮುಚ್ಚಿದರೂ ಅದಕ್ಕೆ ಬೆಲೆಯಿದೆ.

ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಬೆಂಗಳೂರಿನ ಆ ಅಧಿಕಾರಿ ಅವರ ಮಾತನ್ನು ತಳ್ಳಿಹಾಕಿ ಶತಮಾನವೇ ಕಳೆದ ಮೇಲೆ, 2024ರಲ್ಲಿ, ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಮರಿ ಬೆಳೆಯಲು ಬಿಟ್ಟ ಮನೆಗಳಿಗೆ ದಂಡ ಗೊತ್ತು ಮಾಡಿತು.

ಚರಂಡಿ ಸ್ವಚ್ಛ ಮಾಡಿಸುವುದು ಒಳ್ಳೆಯದೇ, ಮಾಡಿಸಿ. ಆದರೆ ಡೆಂಗ್ಯೂ ಸೊಳ್ಳೆಯನ್ನು ಮೊದಲು ಹುಡುಕಬೇಕಾದದ್ದು ಬಚ್ಚಲುಮನೆಯ ಡ್ರಮ್ಮಿನಲ್ಲಿ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗ್ಯೂ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ಮುಂದಿನ ಬಾರಿ ಕೊಬ್ಬರಿ ಎಣ್ಣೆಯ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ಬಿಟ್ಟು, ಒಮ್ಮೆ ಎದ್ದುಹೋಗಿ ಡ್ರಮ್ಮಿನ ಮುಚ್ಚಳ ನೋಡಿಬನ್ನಿ.