ನಾದಕ್ಕೆ ದಿಕ್ಕು ತೋರಿದ ಅಲನ್ ಬ್ಲಮ್‌ಲೈನ್

ಸಾಂತಾಕ್ರೂಜಿನ ಯಾವುದಾದರೊಂದು ಕಟ್ಟಡದ ಮನೆಯಲ್ಲಿ ಸಂಜೆಯ ಹೊತ್ತು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ನಿಲ್ದಾಣದ ಕಡೆಯಿಂದ ಲೋಕಲ್ ರೈಲಿನ ಸದ್ದು ಕೇಳಿಬರುತ್ತದೆ. ಆಗತಾನೆ ಮೇಲೆದ್ದ ವಿಮಾನವೊಂದು ನೆತ್ತಿಯ ಮೇಲಿನಿಂದ ಸಾಗಿ ಸಮುದ್ರದ ಕಡೆಗೆ ಕರಗುತ್ತದೆ. ಕೆಳಗಿನ ಗಲ್ಲಿಯಲ್ಲಿ ರಿಕ್ಷಾ ತಿರುಗುತ್ತದೆ, ಒಳಗಿನ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ. ಯಾವ ಸದ್ದು ಎಲ್ಲಿಂದ ಬಂತು ಎಂದು ಹೇಳಲು ಕಣ್ಣಿನ ನೆರವು ಬೇಕಾಗುವುದಿಲ್ಲ. ಆದರೆ ಅದೇ ಮನೆಯಲ್ಲಿ ಸಾವಿರಾರು ರೂಪಾಯಿ ತೆತ್ತು ತಂದ ಸ್ಟೀರಿಯೋದಲ್ಲಿ ಹಾಡು ಹಾಕಿದರೆ, ಗಾಯಕರು, ತಬಲಾ, ಹಾರ್ಮೋನಿಯಂ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಇಕ್ಕಟ್ಟಿನಲ್ಲಿ ಕುಳಿತಂತೆ ಕೇಳಿಸುವುದುಂಟು. ಇದೇಕೆ ಹೀಗೆ?

ಈ ಪ್ರಶ್ನೆಯನ್ನು ಸುಮಾರು ತೊಂಬತ್ತೈದು ವರ್ಷಗಳ ಹಿಂದೆಯೇ ಕೇಳಿ, ಅದಕ್ಕೆ ಸಮರ್ಪಕವಾದ ಉತ್ತರವನ್ನೂ ಕಂಡುಕೊಂಡವರು ಇಂಗ್ಲೆಂಡಿನ ವಿದ್ಯುತ್ ಇಂಜಿನಿಯರ್ ಅಲನ್ ಡವರ್ ಬ್ಲಮ್‌ಲೈನ್. ಜೂನ್ ಅವರು ಹುಟ್ಟಿದ ತಿಂಗಳು, ಅಗಲಿದ ತಿಂಗಳೂ ಹೌದು. ಸಂಗೀತಪ್ರಿಯರಾದ ನಮ್ಮ ಮುಂಬಯಿ ಕನ್ನಡಿಗರು ಅವರನ್ನು ಒಮ್ಮೆಯಾದರೂ ಸ್ಮರಿಸುವುದು ಉಚಿತ.

ಬ್ಲಮ್‌ಲೈನ್ ಅವರು 1903ರ ಜೂನ್ 29ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ತಂದೆ ಸೆಮ್ಮಿ ಬ್ಲಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ಜೆಸ್ಸಿ ಡವರ್ ಸ್ಕಾಟ್ಲೆಂಡ್ ಮೂಲದ ಪಾದ್ರಿಯೊಬ್ಬರ ಮಗಳು. ಏಳು ವರ್ಷದ ಬಾಲಕ ಅಲನ್ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ತನ್ನನ್ನು ಇಂಜಿನಿಯರ್ ಎಂದೇ ಕರೆದುಕೊಂಡು ತಂದೆಗೆ ಬಿಲ್ಲು ಕೊಟ್ಟಿದ್ದನಂತೆ. ಅದೇ ಬಾಲಕನಿಗೆ ಹನ್ನೆರಡು ವರ್ಷ ತುಂಬುವವರೆಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲ, ಗಣಿತ ಮಾತ್ರ ಚೆನ್ನಾಗಿ ಒಲಿದಿತ್ತು. ಹೈಗೇಟ್ ಶಾಲೆಯ ವಿದ್ಯಾಭ್ಯಾಸದ ನಂತರ ಲಂಡನ್ನಿನ ಸಿಟಿ ಆಂಡ್ ಗಿಲ್ಡ್ಸ್ ಕಾಲೇಜು ಸೇರಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು.

1924ರಲ್ಲಿ ಅವರು ದೂರವಾಣಿ ಕ್ಷೇತ್ರದ ಕಂಪೆನಿಯೊಂದರಲ್ಲಿ ವೃತ್ತಿ ಆರಂಭಿಸಿದರು. ಮನುಷ್ಯನ ಕಿವಿ ಯಾವ ಸ್ವರವನ್ನು ಎಷ್ಟು ಸೂಕ್ಷ್ಮವಾಗಿ ಗ್ರಹಿಸುತ್ತದೆ ಎಂಬುದನ್ನು ಅಳೆಯುವ ಕೆಲಸವೂ ಅಲ್ಲಿ ಅವರ ಪಾಲಿಗೆ ಬಂತು. 1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪೆನಿ ಸೇರಿ, ಐಸಾಕ್ ಶೋನ್‌ಬರ್ಗ್ ಎಂಬ ದೂರದೃಷ್ಟಿಯ ಮುಖ್ಯಸ್ಥರ ಕೈಕೆಳಗೆ ಧ್ವನಿಮುದ್ರಣದ ಹೊಸ ಯಂತ್ರವೊಂದನ್ನು ರೂಪಿಸಿದರು. 1931ರಲ್ಲಿ ಕೊಲಂಬಿಯಾ ಮತ್ತು ಎಚ್‌ಎಂವಿಯ ಮಾತೃಸಂಸ್ಥೆ ಒಂದಾಗಿ ಇಎಂಐ ಹುಟ್ಟಿತು. ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಚಿತ್ರವಿರುವ ತಟ್ಟೆಗಳನ್ನು ನಮ್ಮ ಹಿರಿಯರೆಲ್ಲ ಬಲ್ಲರು. ನಮ್ಮ ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಮುಂಬಯಿಗೆ ಬಂದು ಹಾಡಿದ್ದು, ಗಾಂಧಾರಿ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಹೊರಬಂದದ್ದು ಇದೇ ಎಚ್‌ಎಂವಿಗಾಗಿ. ಆ ಕಾಲದ ತಟ್ಟೆಗಳಲ್ಲಿ ಕಂಠವೂ ಪಕ್ಕವಾದ್ಯವೂ ಒಂದೇ ಜಾಡಿನಲ್ಲಿ ಬೆರೆತು ಒಂದೇ ಕಂಡಿಯಿಂದ ಹೊರಬರುತ್ತಿದ್ದವು. ಬ್ಲಮ್‌ಲೈನ್ ಅವರಿಗೆ ಸಮಾಧಾನವಾಗದೇ ಇದ್ದದ್ದು ಇಲ್ಲಿಯೇ.

1931ರಲ್ಲಿ ಒಂದು ದಿನ ಅವರು ತಮ್ಮ ಭಾವೀ ಪತ್ನಿ ಡೊರೀನ್ ಅವರೊಡನೆ ಚಲನಚಿತ್ರ ನೋಡಲು ಹೋಗಿದ್ದರು. ಚಿತ್ರಗಳು ಆಗತಾನೆ ಮಾತು ಕಲಿತಿದ್ದ ಕಾಲವದು. ನಟನು ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಅವನ ಧ್ವನಿ ಮಾತ್ರ ಇದ್ದಲ್ಲಿಯೇ ಇತ್ತು. ಇದು ಬ್ಲಮ್‌ಲೈನ್ ಅವರನ್ನು ಕಾಡಿತು. ಧ್ವನಿಯು ವ್ಯಕ್ತಿಯನ್ನು ಹಿಂಬಾಲಿಸುವಂತೆ ಮಾಡುವ ಉಪಾಯ ತಮಗೆ ಹೊಳೆದಿದೆ ಎಂದು ಅವರು ಡೊರೀನ್ ಅವರಿಗೆ ತಿಳಿಸಿದರು.

ಉಪಾಯದ ಮೂಲವಿದ್ದದ್ದು ನಮ್ಮ ಎರಡು ಕಿವಿಗಳಲ್ಲಿ. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ತುಸು ತಡವಾಗಿ. ಈ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮೇಲಿನ ಸ್ವರಗಳಿಗೆ ತಲೆಯೇ ಅಡ್ಡಬಂದು, ಆಚೆಯ ಕಿವಿಗೆ ಸದ್ದು ಕ್ಷೀಣವಾಗಿ ಕೇಳಿಸುತ್ತದೆ. ಇವೆರಡನ್ನೂ ತೂಗಿ ಮಿದುಳು ದಿಕ್ಕನ್ನು ನಿರ್ಧರಿಸುತ್ತದೆ. ಆದರೆ ಕೋಣೆಯಲ್ಲಿ ಎರಡು ಸ್ಪೀಕರ್ ಇಟ್ಟಾಗ ಒಂದು ತೊಡಕು ಎದುರಾಗುತ್ತದೆ: ಎರಡರ ಸದ್ದೂ ಎರಡೂ ಕಿವಿಗಳಿಗೆ ಬೀಳುತ್ತದೆ. ಈ ಬೆರಕೆಯನ್ನೇ ಬ್ಲಮ್‌ಲೈನ್ ತಮ್ಮ ಸಾಧನವನ್ನಾಗಿ ಮಾಡಿಕೊಂಡರು. ಸ್ಪೀಕರ್‌ಗಳ ನಡುವೆ ಕೇವಲ ಸದ್ದಿನ ಪ್ರಮಾಣದಲ್ಲಿ ವ್ಯತ್ಯಾಸವಿಟ್ಟರೂ, ಆ ಬೆರಕೆಯ ಫಲವಾಗಿ ಕೆಳಸ್ವರಗಳಲ್ಲಿ ಕಿವಿಗೆ ಬೇಕಾದ ಸೂಕ್ಷ್ಮ ಕಾಲಾಂತರ ತಾನಾಗಿಯೇ ಉಂಟಾಗುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಎರಡೂ ಸ್ಪೀಕರ್‌ಗಳಲ್ಲಿ ಸಮನಾಗಿ ನುಡಿದ ಕಂಠವು, ಏನೂ ಇಲ್ಲದ ನಟ್ಟನಡುವಿನ ಬಯಲಿನಲ್ಲಿ ಮೂಡಿ ನಿಲ್ಲುತ್ತದೆ.

1931ರ ಡಿಸೆಂಬರ್ 14ರಂದು ಅವರು ಇದಕ್ಕಾಗಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1933ರ ಜೂನ್‌ನಲ್ಲಿ ಅಂಗೀಕೃತವಾದ 394325 ಸಂಖ್ಯೆಯ ಆ ಪೇಟೆಂಟಿನಲ್ಲಿ 70 ಹಕ್ಕುಗಳಿದ್ದವು. ಮುಂದೊಡ್ಡಿದ ಎರಡು ಮೈಕುಗಳನ್ನು ಒಂದೇ ಸ್ಥಾನದಲ್ಲಿ ಪರಸ್ಪರ ಲಂಬವಾಗಿ ನಿಲ್ಲಿಸುವ ಕ್ರಮ, ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎಡ ಬಲಗಳ ಧ್ವನಿಯನ್ನು ಬೇರೆಬೇರೆಯಾಗಿ ಕೆತ್ತಿ ಒಂದೇ ಮುಳ್ಳಿನಿಂದ ಓದಿಸುವ ಕ್ರಮ, ಚಲನಚಿತ್ರಕ್ಕೆ ಅಳವಡಿಸುವ ಕ್ರಮ, ಎಲ್ಲವೂ ಅದರಲ್ಲಿದ್ದವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿಯೂ ಆಗ ಇಂಥ ಸಂಶೋಧನೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಮೈಕಿನಿಂದ ಕೇಳುಗನ ಕಿವಿಯವರೆಗಿನ ಇಡೀ ಹಾದಿಯನ್ನು ಒಂದೇ ಬರಹದಲ್ಲಿ ಹೀಗೆ ಹಾಕಿಕೊಟ್ಟ ಕೀರ್ತಿ ಬ್ಲಮ್‌ಲೈನ್ ಅವರದು.

ಪ್ರಯೋಗಗಳೂ ನಡೆದವು. ಲಂಡನ್ ಸಮೀಪದ ಹೇಯ್ಸ್ ಪ್ರಯೋಗಾಲಯದ ಸಹೋದ್ಯೋಗಿಗಳು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತ ಮಾತನಾಡುವುದನ್ನು ಮುದ್ರಿಸಲಾಯಿತು. 1934ರ ಜನವರಿಯಲ್ಲಿ ಅಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ವಾದ್ಯವೃಂದವು ಮೊಜಾರ್ಟ್ ಕೃತಿಯನ್ನು ನುಡಿಸಿದಾಗ ಅದನ್ನೂ ಈ ವಿಧಾನದಲ್ಲಿ ಸೆರೆಹಿಡಿದರು. 1935ರಲ್ಲಿ ಹೇಯ್ಸ್ ನಿಲ್ದಾಣದ ರೈಲುಗಳ ಓಡಾಟವನ್ನು ಐದು ನಿಮಿಷಗಳ ಚಿತ್ರವಾಗಿಸಿದರು. ಉಗಿಬಂಡಿ ಪರದೆಯಲ್ಲಿ ಸಾಗಿದಂತೆ ಅದರ ಸದ್ದೂ ಜೊತೆಗೇ ಸಾಗಿತು. ಚಿತ್ರಮಂದಿರದಲ್ಲಿ ಆಡಿದ ಮಾತು ನಾಲ್ಕೇ ವರ್ಷಗಳಲ್ಲಿ ನಿಜವಾಗಿತ್ತು.

ಆದರೆ ಅದನ್ನು ಮಾರುಕಟ್ಟೆಗೆ ತರುವ ಕಾಲ ಒದಗಿರಲಿಲ್ಲ. ಕಂಪೆನಿಯು ತನ್ನ ಶಕ್ತಿಯನ್ನೆಲ್ಲ ದೂರದರ್ಶನದತ್ತ ತಿರುಗಿಸಿತು. ಬ್ಲಮ್‌ಲೈನ್ ಅಲ್ಲಿಯೂ ಮುಂಚೂಣಿಯಲ್ಲಿದ್ದರು. 1936ರ ನವೆಂಬರ್‌ನಲ್ಲಿ ಬಿಬಿಸಿ ಆರಂಭಿಸಿದ ಪ್ರಸಾರದಲ್ಲಿ ಬಳಕೆಯಾದ 405 ರೇಖೆಗಳ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಅಲ್ಪಾಯುಷ್ಯದಲ್ಲಿ ಅವರು ಗಳಿಸಿದ ಪೇಟೆಂಟ್‌ಗಳ ಸಂಖ್ಯೆ 128.

ಎರಡನೆಯ ಮಹಾಯುದ್ಧ ಅವರನ್ನು ರಾಡಾರ್ ಕೆಲಸಕ್ಕೆ ಎಳೆದುಕೊಂಡಿತು. ಕತ್ತಲು, ಮೋಡ ಮುಸುಕಿದ್ದರೂ ಕೆಳಗಿನ ನೆಲವನ್ನು ವಿಮಾನದಿಂದ ಗುರುತಿಸುವ ಎಚ್-ಟು-ಎಸ್ ಎಂಬ ರಹಸ್ಯ ಉಪಕರಣದ ಪರೀಕ್ಷೆಗಾಗಿ 1942ರ ಜೂನ್ 7ರಂದು ಅವರು ಹ್ಯಾಲಿಫ್ಯಾಕ್ಸ್ ವಿಮಾನವನ್ನೇರಿದರು. ಎಂಜಿನ್ನಿಗೆ ಬೆಂಕಿ ಹತ್ತಿ ವಿಮಾನವು ವೆಲ್ಷ್ ಬಿಕ್ನರ್ ಎಂಬಲ್ಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 11 ಮಂದಿಯೂ ಮೃತಪಟ್ಟರು. ಬ್ಲಮ್‌ಲೈನ್ ಅವರಿಗೆ ಮೂವತ್ತೊಂಬತ್ತು ತುಂಬಲು ಇನ್ನೂ ಮೂರು ವಾರ ಬಾಕಿಯಿತ್ತು. ಡೊರೀನ್ ಮತ್ತು ಇಬ್ಬರು ಎಳೆಯ ಗಂಡುಮಕ್ಕಳನ್ನು ಅವರು ಅಗಲಿದರು. ಯುದ್ಧರಹಸ್ಯದ ಕಾರಣ ಸಾವಿನ ಸುದ್ದಿಯನ್ನೂ ಆಗ ಪ್ರಕಟಿಸಲಿಲ್ಲ.

1958ರ ಸುಮಾರಿಗೆ ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದಾಗ, ಅವುಗಳ ಗೀರಿನ ಎರಡು ಗೋಡೆಗಳ ಕ್ರಮ ಬ್ಲಮ್‌ಲೈನ್ ವಿವರಿಸಿದ್ದೇ ಆಗಿತ್ತು. ಆದರೆ ಆ ವೇಳೆಗೆ ಪೇಟೆಂಟಿನ ಅವಧಿ ಮುಗಿದುಹೋಗಿತ್ತು. ಹಕ್ಕಿನ ಫಲವೂ ಇಲ್ಲ, ಹೆಸರಿನ ಪ್ರಚಾರವೂ ಇಲ್ಲ. 2015ರಲ್ಲಿ ಅಬೆ ರೋಡ್‌ನಲ್ಲಿ ಗೌರವಫಲಕ, 2017ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಸಂದವು. ತಡವಾಗಿಯಾದರೂ ಲೋಕ ಋಣವನ್ನು ಒಪ್ಪಿಕೊಂಡಿತು.

ಆ ಋಣವನ್ನು ನಮ್ಮ ಮನೆಗಳಲ್ಲಿ ತೀರಿಸುವ ಬಗೆ ಬಹಳ ಸರಳ. ಎಷ್ಟೋ ಮನೆಗಳಲ್ಲಿ ಎರಡೂ ಸ್ಪೀಕರ್‌ಗಳು ಶೋಕೇಸಿನ ಒಂದೇ ಅಂಕಣದಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ, ಅಥವಾ ಒಂದು ಕಪಾಟಿನ ಮೇಲೆ, ಇನ್ನೊಂದು ಕಿಟಕಿಯ ಕೆಳಗೆ ಇರುತ್ತದೆ. ಬ್ಲಮ್‌ಲೈನ್ ಅವರ ಲೆಕ್ಕಾಚಾರದಲ್ಲಿ ಕೇಳುಗನು ಎರಡಕ್ಕೂ ಸಮದೂರದಲ್ಲಿರಬೇಕು. ಹತ್ತು ಹನ್ನೆರಡು ಅಡಿಯ ಕೋಣೆಯಾದರೂ ಚಿಂತೆಯಿಲ್ಲ. ಸ್ಪೀಕರ್‌ಗಳ ನಡುವೆ ಆರಡಿ ಅಂತರವಿಟ್ಟು, ಪ್ರತಿಯೊಂದರಿಂದಲೂ ಆರಡಿ ದೂರದಲ್ಲಿ, ಸಮಬಾಹು ತ್ರಿಕೋನದ ಮೂರನೆಯ ಮೂಲೆಯಲ್ಲಿ ಕುಳಿತುಕೊಳ್ಳಿ. ಪೆಟ್ಟಿಗೆಗಳ ಎತ್ತರ ಕಿವಿಯ ಮಟ್ಟಕ್ಕಿರಲಿ, ಮುಖ ತುಸು ನಿಮ್ಮತ್ತ ತಿರುಗಿರಲಿ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದರೆ ಮಂದ್ರಸ್ವರದ ಗೊಂದಲ ಕಡಿಮೆಯಾಗುತ್ತದೆ. ಟೈಲ್ಸ್ ನೆಲ, ಗಾಜಿನ ಬಾಗಿಲು, ಬೋಳು ಗೋಡೆಗಳಿಂದ ಮರಳಿದ ಸದ್ದು ಮುದ್ರಿಕೆಯಲ್ಲಿರುವ ಸಭಾಂಗಣದ ಅನುರಣನವನ್ನು ನುಂಗಿಬಿಡುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಅದನ್ನು ತಡೆಯಬಲ್ಲವು. ತಂತಿಗಳನ್ನೂ ಒಮ್ಮೆ ಪರೀಕ್ಷಿಸಿ. ಒಂದು ಕಡೆ ಕೆಂಪು ಕಪ್ಪು ಅದಲುಬದಲಾಗಿದ್ದರೆ ಕಂಠವು ನಡುವೆ ನಿಲ್ಲದೆ ಚದುರಿಹೋಗುತ್ತದೆ.

ಇಷ್ಟಾದ ಮೇಲೆ, ಒಳ್ಳೆಯ ಸ್ಟೀರಿಯೋ ಮುದ್ರಿಕೆಯೊಂದನ್ನು ಹಾಕಿ ಕಣ್ಣು ಮುಚ್ಚಿ. ಪೆಟ್ಟಿಗೆಗಳು ಮರೆಯಾಗಿ ಗಾಯಕರು ನಡುವೆ, ತಬಲಾ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ, ಅವರ ಹಿಂದೆ ತಂಬೂರಿಯ ಶ್ರುತಿ ಹರಡಿಕೊಂಡಂತೆ ಭಾಸವಾಗುತ್ತದೆ. ಸಾಂತಾಕ್ರೂಜಿನ ಪುಟ್ಟ ಹಾಲಿನ ಗೋಡೆಗಳು ಹಿಂದೆ ಸರಿಯುತ್ತವೆ. ಗಾಯಕರ ಕಂಠ ಬರುವ ಆ ನಡುಜಾಗದಲ್ಲಿ ಕೈಯಾಡಿಸಿದರೆ ಏನೂ ಸಿಗದು. ಬ್ಲಮ್‌ಲೈನ್ ನಮಗೆ ಬಿಟ್ಟುಹೋದ ಆಸ್ತಿ ಇರುವುದು ಅಲ್ಲಿಯೇ.